ಗೋಕುವಿನ ಕೂದಲೂ ನಮ್ಮ ಹೆಲ್ಮೆಟ್ಟೂ

ಯಾವುದಾದರೂ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಸಿನಿಮಾ ಆಗುತ್ತಿದೆ ಎಂದು ಸುದ್ದಿ ಬಂದರೆ ನಾನು ನಿರ್ದೇಶಕ ಯಾರು ಎಂದು ನೋಡುವುದಿಲ್ಲ. ಬಜೆಟ್ ಎಷ್ಟು ಎಂದೂ ಕೇಳುವುದಿಲ್ಲ. ಮೊದಲ ಫೋಟೋ ಹೊರಬಿದ್ದ ತಕ್ಷಣ ಝೂಮ್ ಮಾಡಿ ನೋಡುವುದು ಹೀರೊನ ಹಣೆಯ ಮೇಲಂಚನ್ನು. ಕೂದಲು ಎಲ್ಲಿಂದ ಶುರುವಾಗಿದೆ, ಅಂಟು ಕಾಣಿಸುತ್ತಾ, ಕಿವಿ ಪಕ್ಕದಲ್ಲಿ ಅವನ ಸ್ವಂತ ಕೂದಲೇನಾದರೂ ಇಣುಕುತ್ತಿದೆಯಾ. ಅಷ್ಟರಲ್ಲೇ ಸಿನಿಮಾದ ಜಾತಕ ಗೊತ್ತಾಗಿಬಿಡುತ್ತದೆ.

ಸುಮ್ನೆ ಹೇಳುತ್ತಿಲ್ಲ. ಮಾಂಗಾ ಅಂದರೆ ಬಹುಪಾಲು ಕಪ್ಪು ಬಿಳುಪು, ಅಗ್ಗದ ಕಾಗದ, ವಾರ ವಾರ ತಲೆ ಮೇಲೆ ಕೂರುವ ಗಡುವು. ಎಲ್ಲರಿಗೂ ಅದೇ ದೊಡ್ಡ ಕಣ್ಣು, ಅದೇ ಚೋಟುದ್ದ ಮೂಗು. ಯಾರು ಯಾರೆಂದು ಗೊತ್ತಾಗುವುದೇ ಕೂದಲಿನಿಂದ. ಅಕಿರಾ ತೊರಿಯಾಮ 1984ರಲ್ಲಿ ‘ಡ್ರ್ಯಾಗನ್ ಬಾಲ್’ ಶುರುಮಾಡಿದಾಗ ಅದರ ಹೀರೊ ಗೋಕುವಿನ ಕೂದಲನ್ನು ಸಿಕ್ಕ ಸಿಕ್ಕ ದಿಕ್ಕಿಗೆಲ್ಲ ಚಾಚಿ ಬಿಟ್ಟರು. ಮುಂದೆ ಅವನು ಸಿಟ್ಟಿಗೆದ್ದು ಸೂಪರ್ ಸೈಯನ್ ಎಂಬ ಇನ್ನೂ ಬಲಶಾಲಿ ರೂಪ ತಾಳಿದಾಗ ಕೂದಲು ಹೊಂಬಣ್ಣಕ್ಕೆ ತಿರುಗುತ್ತದಲ್ಲ, ಪ್ರಪಂಚದ ಮಕ್ಕಳೆಲ್ಲ ಬಾಯಿ ಬಿಟ್ಟು ನೋಡಿದ್ದು, ಅದಕ್ಕೊಂದು ಕಾರಣ ಶಾಯಿ. ಅಷ್ಟೂ ಕೂದಲಿಗೆ ಕಪ್ಪು ತುಂಬಲು ಅಸಿಸ್ಟೆಂಟಿಗೆ ತುಂಬಾ ಹೊತ್ತು ಹಿಡಿಯುತ್ತಿತ್ತು, ಖಾಲಿ ಬಿಟ್ಟರೆ ಟೈಮ್ ಉಳಿಯುತ್ತದೆ ಎಂದು ತೊರಿಯಾಮ ಅವರೇ ಹೇಳಿಕೊಂಡಿದ್ದಾರೆ. ಪುಟದ ಮೇಲೆ ಖಾಲಿ, ಟೀವಿಯಲ್ಲಿ ಬಂಗಾರ. ಕೆಲಸ ತಪ್ಪಿಸಿಕೊಳ್ಳುವುದರಿಂದ ಇಷ್ಟು ದೊಡ್ಡ ಲಾಭ ಆದದ್ದು ನನಗಂತೂ ಬೇರೆಲ್ಲೂ ಗೊತ್ತಿಲ್ಲ.

ಇಂಥ ಕೂದಲನ್ನು ಹಾಲಿವುಡ್ಡಿನವರು 2009ರಲ್ಲಿ ‘ಡ್ರ್ಯಾಗನ್‌ಬಾಲ್ ಎವಲ್ಯೂಷನ್’ ಎಂಬ ಹೆಸರಿನಲ್ಲಿ ಕೈಗೆತ್ತಿಕೊಂಡರು. ಮೂಲದ ಗೋಕುವಿಗೆ ಬಾಲ ಇದೆ. ಅಜ್ಜ ತೀರಿಕೊಂಡ ಮೇಲೆ ಕಾಡಿನಲ್ಲಿ ಒಬ್ಬನೇ ಬೆಳೆದವನು, ಹುಡುಗಿ ಅಂದರೆ ಏನು ಎಂಬುದೂ ಗೊತ್ತಿಲ್ಲ. ಇವರು ಅವನನ್ನು ಕರೆತಂದು ಹೈಸ್ಕೂಲಿಗೆ ಸೇರಿಸಿದರು! ಕ್ಲಾಸಿನ ಪುಂಡರಿಂದ ಗೇಲಿ ಮಾಡಿಸಿದರು. ತಲೆಗೆ ಒಂದಿಷ್ಟು ಜೆಲ್ ಸವರಿದರು. ನೋಡಿದರೆ ಯಾವುದೋ ಮದುವೆ ರಿಸೆಪ್ಷನ್ನಿಗೆ ಹೊರಟ ಹುಡುಗ. ಚಿತ್ರಕಥೆ ಬರೆದ ಬೆನ್ ರಾಮ್ಸಿ 2016ರಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದರು. ನಾನು ಕ್ಷಮಿಸಿದ್ದೇನೆ. ಕೂದಲಿನ ಡಿಪಾರ್ಟ್‌ಮೆಂಟಿನವರು ಇನ್ನೂ ಬಂದಿಲ್ಲ, ಕಾಯುತ್ತಿದ್ದೇನೆ.

ಆದರೂ ಆ ಡಿಪಾರ್ಟ್‌ಮೆಂಟಿನ ಕಷ್ಟ ಏನು ಅಂತ ನನಗೂ ಗೊತ್ತಾಗುವ ಕಾಲ ಬಂತು. ಅಕ್ಕನ ಮಗ ಪುಟ್ಟುವಿಗೆ ಕಾಮಿಕ್ ಕಾನ್‌ಗೆ, ಅಂದರೆ ಕಾಮಿಕ್ಸ್ ಅಭಿಮಾನಿಗಳು ವೇಷ ಹಾಕಿ ಸೇರುವ ಮೇಳಕ್ಕೆ, ಗೋಕು ಆಗಿ ಹೋಗಬೇಕಿತ್ತು. ಕಿತ್ತಳೆ ಬಣ್ಣದ ಬಟ್ಟೆಯನ್ನು ನಮ್ಮ ಬೀದಿಯ ಟೈಲರ್ ‘ಇದು ಯಾವ ಮಠದ್ದು?’ ಎಂದು ಕೇಳಿ ಹೊಲಿದುಕೊಟ್ಟರು. ವಿಗ್ ಆನ್‌ಲೈನಿನಲ್ಲಿ ತರಿಸಿದೆವು. ಫೋಟೋದಲ್ಲಿ ನೆಟ್ಟಗೆ ನಿಂತಿದ್ದ ಕೂದಲು ಡಬ್ಬಿಯಿಂದ ಹೊರಬಂದಾಗ ಪೂರ್ತಿ ಮಲಗಿತ್ತು. ಹೇರ್ ಸ್ಪ್ರೇ ಹೊಡೆದೆವು. ಕೆಮ್ಮು ಬಂತು, ಕೂದಲು ಏಳಲಿಲ್ಲ.

ಅಡುಗೆಮನೆಯಿಂದ ಅಮ್ಮ ಬಂದು ನೋಡಿದರು. ‘ಅದಕ್ಕ್ಯಾಕೆ ಅಷ್ಟು ಒದ್ದಾಡ್ತೀರಾ? ಗಂಜಿ ಹಾಕಿ. ಕಾಟನ್ ಸೀರೆ ನಿಲ್ಲಲ್ವಾ?’

ನಿಂತಿತು. ನಿಜವಾಗಿಯೂ ನಿಂತಿತು. ಒಂದೊಂದೇ ಎಳೆಯ ಗೊಂಚಲನ್ನು ಗಂಜಿಯಲ್ಲಿ ಅದ್ದಿ, ಬಟ್ಟೆ ಕ್ಲಿಪ್ ಹಾಕಿ, ಟೆರೇಸಿನಲ್ಲಿ ಒಣಗಿಸಿದೆವು. ಬೆರಳಲ್ಲಿ ಹೊಡೆದರೆ ಟಕ್ ಅನ್ನುತ್ತಿತ್ತು.

ಬೆಳಗ್ಗೆ ಸ್ಕೂಟರ್ ಹತ್ತುವಾಗ ಹೊಸ ತಾಪತ್ರಯ. ಹೆಲ್ಮೆಟ್. ಬೆಂಗಳೂರಿನಲ್ಲಿ ಹಿಂದೆ ಕೂತವರಿಗೂ ಕಡ್ಡಾಯ. ವಿಗ್ ಮೇಲೆ ಹೆಲ್ಮೆಟ್ ಹಾಕಿದರೆ ಅಮ್ಮನ ಗಂಜಿ ವ್ಯರ್ಥ. ಕೈಚೀಲದಲ್ಲಿ ಹಾಕಿದರೆ ಮುಳ್ಳುಗಳು ಮುರಿಯುತ್ತವೆ. ಕೊನೆಗೆ ಪುಟ್ಟು ಹೆಲ್ಮೆಟ್ ಹಾಕಿಕೊಂಡ, ಹೆಲ್ಮೆಟ್ ಮೇಲೆ ವಿಗ್ ಹಾಕಿಕೊಂಡ. ವೈಟ್‌ಫೀಲ್ಡ್ ರಸ್ತೆಯಲ್ಲಿ ಅಕ್ಕಪಕ್ಕದ ಬೈಕಿನವರೆಲ್ಲ ನಮ್ಮನ್ನು ವಿಡಿಯೊ ಮಾಡಿಕೊಳ್ಳುತ್ತಾ ಬಂದರು. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ‘ಒಳಗೆ ಹೆಲ್ಮೆಟ್ ಇದ್ಯಾ?’ ಎಂದರು. ಪುಟ್ಟು ತಲೆ ಬಗ್ಗಿಸಿದ. ಅವರು ಗೋಕುವಿನ ಕೂದಲ ನಡುವೆ ಬೆರಳು ತೂರಿಸಿ ಬಾಗಿಲು ತಟ್ಟಿದ ಹಾಗೆ ತಟ್ಟಿ ನೋಡಿ, ಸಮಾಧಾನವಾಗಿ, ‘ಐಎಸ್‌ಐ ಮಾರ್ಕ್ ಇರೋದೇ ತಾನೇ? ಹೋಗಿ ಹೋಗಿ’ ಎಂದು ಕಳಿಸಿದರು.

ಅಷ್ಟರಲ್ಲಿ ತುಂತುರು ಮಳೆ. ಗಂಜಿ ನೆನೆದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಒಳಗೆ ಹೋಗಿ ವಿಗ್ಗನ್ನು ತಲೆಗೆ ಹಾಕಿಕೊಳ್ಳುವ ಹೊತ್ತಿಗೆ ಬಿಳಿಯ ರಸ ಪುಟ್ಟುವಿನ ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕೆನ್ನೆಗೆ ಇಳಿಯುತ್ತಿತ್ತು. ಒಬ್ಬ ಚಿಕ್ಕ ಹುಡುಗ ಬಂದು ‘ಯಾವ ಕ್ಯಾರೆಕ್ಟರ್ ಅಣ್ಣಾ?’ ಎಂದ. ಪುಟ್ಟು ಒಂದು ಕ್ಷಣವೂ ಯೋಚಿಸದೆ ‘ಫೈಟ್ ಮುಗಿದ ಮೇಲಿನ ಗೋಕು’ ಎಂದ. ಹುಡುಗ ಸೆಲ್ಫಿ ತೆಗೆಸಿಕೊಂಡೇ ಹೋದ.

ಅಲ್ಲಿ ನಿಂತಾಗ ನನಗೆ ಒಂದು ವಿಷಯ ಹೊಳೆಯಿತು. ರಸ್ತೆಯಲ್ಲಿ ಎಲ್ಲರೂ ನಕ್ಕ ಅದೇ ವೇಷವನ್ನು ಇಲ್ಲಿ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಸುತ್ತ ಇದ್ದವರೆಲ್ಲ ನೀಲಿ ಜುಟ್ಟು, ಗುಲಾಬಿ ಜಡೆ, ಥರ್ಮಾಕೋಲ್ ಕತ್ತಿ. ಯಕ್ಷಗಾನದಲ್ಲೂ ಹಾಗೇ ಅಲ್ವಾ? ಬಣ್ಣದ ವೇಷದವರು ಮುಖಕ್ಕೆ ಚುಟ್ಟಿ ಇಟ್ಟು, ಮಾರುದ್ದ ಕಿರೀಟ ಹೊತ್ತು ರಂಗಕ್ಕೆ ಬಂದು ಅಬ್ಬರಿಸಿದರೆ ನಮಗೆ ಮೈ ನಡುಗುತ್ತದೆ. ಅವರೇ ಅದೇ ವೇಷದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ನಿಂತರೆ ನಗು ಬರುತ್ತದೆ. ತಪ್ಪು ವೇಷದ್ದಲ್ಲ, ಬಸ್ ಸ್ಟ್ಯಾಂಡಿನದ್ದು.

ಇದಕ್ಕೆ ಗಟ್ಟಿ ಸಾಕ್ಷಿ ‘ರೋಸ್ ಆಫ್ ವರ್ಸೈ’. ರಿಯೋಕೊ ಇಕೆದಾ ಬರೆದ ಮಾಂಗಾ. ಫ್ರಾನ್ಸಿನ ಕ್ರಾಂತಿಯ ಕಾಲದ ಕಥೆ. ಗಂಡಿನಂತೆ ಬೆಳೆದ ಆಸ್ಕರ್ ಎಂಬ ಹೆಣ್ಣು ರಾಣಿಯ ಕಾವಲು ಪಡೆಯ ಮುಖ್ಯಸ್ಥೆ. 1974ರಲ್ಲಿ ಜಪಾನಿನ ತಕರಾಝುಕಾ ನಾಟಕ ತಂಡ ಇದನ್ನು ರಂಗಕ್ಕೆ ತಂದಿತು. ಆ ತಂಡದಲ್ಲಿ ಇರುವವರೆಲ್ಲ ಹೆಂಗಸರೇ, ಗಂಡು ಪಾತ್ರವೂ ಅವರದ್ದೇ. ಗುಂಗುರು ಗುಂಗುರು ಹೊಂಗೂದಲಿನ ವಿಗ್, ಕಣ್ಣಿಗೆ ಗೇಣುದ್ದ ರೆಪ್ಪೆ, ಜಪಾನಿ ಭಾಷೆಯಲ್ಲಿ ಮಾತಾಡುವ ಫ್ರೆಂಚರು. ಜನ ಮುಗಿಬಿದ್ದರು. ಇವತ್ತಿಗೂ ಆಗಾಗ ಆಡುತ್ತಲೇ ಇದ್ದಾರೆ. ಐದು ವರ್ಷದ ನಂತರ, 1979ರಲ್ಲಿ, ಅದೇ ಕಥೆ ‘ಲೇಡಿ ಆಸ್ಕರ್’ ಎಂಬ ಸಿನಿಮಾ ಆಯಿತು. ನಿರ್ದೇಶಕ ಫ್ರಾನ್ಸಿನ ಹೆಸರಾಂತ ಜಾಕ್ ಡೆಮಿ. ಶೂಟಿಂಗ್ ನಿಜವಾದ ವರ್ಸೈ ಅರಮನೆಯಲ್ಲಿ. ಯೂರೋಪಿನದೇ ಮುಖಗಳು. ಎಲ್ಲ ಅಸಲಿ! ಆದರೆ ಅದನ್ನು ನೆನಪಿಟ್ಟುಕೊಂಡವರು ನಮ್ಮಂಥ ಹುಚ್ಚರು ಮಾತ್ರ. ಅಸಲಿ ಅರಮನೆ ಹಿಂದೆ ನಿಂತ ಕೂಡಲೇ ಮುಂದಿನ ಕಥೆ ನಕಲಿಯಾಗಿ ಕಾಣಿಸಿತು ಎಂದು ನನ್ನ ಗುಮಾನಿ.

2017ರ ಜಪಾನಿ ಸಿನಿಮಾ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಕೂಡ ಇಟಲಿಯ ವೊಲ್ತೆರ್ರಾ ಎಂಬ ಹಳೇ ಊರಿಗೆ ಹೋಗಿ ಅದೇ ಗುಂಡಿಗೆ ಬಿತ್ತು. ಕಲ್ಲಿನ ಗೋಡೆ ಸಾವಿರಾರು ವರ್ಷದ ಗತ್ತಿನಲ್ಲಿ ನಿಂತಿದೆ, ಅದರ ಮುಂದೆ ಹೊಂಗೂದಲಿನ ಜಪಾನಿ ಹುಡುಗ ಕೆಂಪು ಕೋಟಿನಲ್ಲಿ ಓಡುತ್ತಾನೆ. ಗೋಡೆಗೇ ಮುಜುಗರ.

ಅಂದಹಾಗೆ ಅದೇ ತಕರಾಝುಕಾದವರು 2024ರ ಜನವರಿಯಲ್ಲಿ ನಮ್ಮ ‘ಆರ್‌ಆರ್‌ಆರ್’ ಅನ್ನೂ ರಂಗಕ್ಕೆ ತಂದರು. ಭೀಮನೂ ರಾಮನೂ ಹೆಂಗಸರೇ. ನಾಟು ನಾಟು ಕೂಡ ಇತ್ತು. ನಮ್ಮ ಅಭಿಮಾನಿಗಳಲ್ಲಿ ಯಾರೂ ‘ಮೂಲಕ್ಕೆ ಅಪಚಾರ’ ಎಂದು ಕೂಗಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ಕೂಗಾಡುವ ಕೆಲಸ ನಮ್ಮಂಥ ಅನಿಮೆ (ಜಪಾನಿ ಕಾರ್ಟೂನ್) ಮಂದಿಗೇ ಮೀಸಲು.

ಗೆದ್ದ ಸಿನಿಮಾಗಳನ್ನು ನೋಡಿ. 2012ರ ‘ಥೆರ್ಮೆ ರೊಮೇ’. ಹಳೇ ರೋಮಿನ ಸ್ನಾನಗೃಹದ ಎಂಜಿನಿಯರ್ ಒಬ್ಬ ನೀರಿನಲ್ಲಿ ಮುಳುಗಿ ಇಂದಿನ ಜಪಾನಿನ ಸ್ನಾನದ ಮನೆಯಲ್ಲಿ ತೇಲುತ್ತಾನೆ. ಅಲ್ಲಿನ ಟಾಯ್ಲೆಟ್ ನೋಡಿ ಅವನಿಗೆ ಕಣ್ಣೀರು. ಆ ರೋಮನ್ ಪಾತ್ರಕ್ಕೆ ಹಾಕಿಕೊಂಡಿದ್ದು ಹಿರೋಷಿ ಅಬೆ ಎಂಬ ಪಕ್ಕಾ ಜಪಾನಿ ನಟನನ್ನು. ಉದ್ದ ಮೂಗು, ದಪ್ಪ ಹುಬ್ಬು, ಎತ್ತರದ ಆಳು, ಅಷ್ಟೇ ಅರ್ಹತೆ. ಚಕ್ರವರ್ತಿಯೂ ಜಪಾನಿ, ಹಿಂದೆ ನಿಂತ ಎಕ್ಸ್‌ಟ್ರಾಗಳು ಇಟಲಿಯವರು. ಚಿನೆಚಿತ್ತಾ ಸ್ಟುಡಿಯೋದ ರೋಮ್ ಸೆಟ್. ಸಿನಿಮಾ ಯಾವ ವಿವರಣೆಯನ್ನೂ ಕೊಡುವುದಿಲ್ಲ. ‘ಇವರು ರೋಮನ್ನರು, ನಡೀರಿ ಮುಂದೆ’ ಅನ್ನುತ್ತದೆ. ನಾವೂ ನಡೆಯುತ್ತೇವೆ.

2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಒನ್ ಪೀಸ್’ ಸರಣಿ ಬಂದಾಗ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. 1997ರಿಂದ ನಡೆಯುತ್ತಿರುವ ಮಾಂಗಾ, ಹೀರೊನ ಮೈ ರಬ್ಬರು. ಬರೆದ ಎಯಿಚಿರೊ ಒದಾ ತಾನು ಒಪ್ಪುವವರೆಗೆ ಬಿಡುಗಡೆ ಇಲ್ಲ ಎಂದು ಮೊದಲೇ ಮಾತು ತೆಗೆದುಕೊಂಡಿದ್ದರಂತೆ. ಹೀರೊನ ಜೊತೆಗಾರರಲ್ಲಿ ಉಸೊಪ್ಪನ ಉದ್ದ ಮೂಗು ಹೋಗಿತ್ತು, ಸಾಂಜಿಯ ಸುರುಳಿ ಹುಬ್ಬು ಹೋಗಿತ್ತು. ಆದರೆ ಬಸವನಹುಳು ಫೋನ್ ಇತ್ತು! ಆ ಲೋಕದಲ್ಲಿ ಫೋನ್ ಅಂದರೆ ಜೀವಂತ ಬಸವನಹುಳು. ನೌಕಾಪಡೆಯ ದೊಡ್ಡ ಅಧಿಕಾರಿ ಗಂಭೀರವಾಗಿ ಹುಳುವಿನ ಬೆನ್ನಿನಿಂದ ರಿಸೀವರ್ ಎತ್ತಿ ಮಾತಾಡುತ್ತಾನೆ. ಒಂದು ಕಣ್ಣು ಮಿಟುಕಿಸುವುದೂ ಇಲ್ಲ.

ಅವರೆಕಾಳು ಬಿಡಿಸುತ್ತಾ ಕೂತಿದ್ದ ಅಮ್ಮ ತಲೆಯೆತ್ತಿದರು. ‘ಅದು ಹುಳಾನಾ?’

‘ಫೋನ್ ಅಮ್ಮಾ.’

‘ಚಾರ್ಜಿಗೆ ಹಾಕೋದು ಬೇಡ್ವಾ?’

‘ಸೊಪ್ಪು ತಿನ್ನಿಸ್ತಾರೆ ಅನ್ಸುತ್ತೆ.’

ಅಮ್ಮ ಸ್ವಲ್ಪ ಯೋಚಿಸಿ, ‘ಒಳ್ಳೇದಾಯ್ತು, ಕರೆಂಟ್ ಹೋದ್ರೂ ಚಿಂತೆ ಇಲ್ಲ’ ಎಂದು ಕಾಳು ಬಿಡಿಸುವುದನ್ನು ಮುಂದುವರಿಸಿದರು. ಅಲ್ಲಿಗೆ ಆ ಸರಣಿ ಗೆದ್ದಿತು. ರಬ್ಬರಿನ ಹುಡುಗ, ಕೆಂಪು ಮೂಗಿನ ಜೋಕರ್, ಮೀನು ಮನುಷ್ಯ, ಯಾರ ಬಗ್ಗೆಯೂ ಅವರು ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ: ‘ಕನ್ನಡದಲ್ಲಿ ಬರಲ್ವಾ?’ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. 2025ರಲ್ಲಿ ‘ಡೀಮನ್ ಸ್ಲೇಯರ್’ ಸಿನಿಮಾ ಇಲ್ಲಿಗೆ ಬಂದಾಗಲೂ ಹಿಂದಿ, ತಮಿಳು, ತೆಲುಗು ಇತ್ತು. ಪುಟ್ಟುವಿನ ವಯಸ್ಸಿನವರು ಶಿನ್‌ಚಾನ್ ನೋಡಿಯೇ ಹಿಂದಿ ಕಲಿತವರು, ಅವರಿಗೆ ಪರವಾಗಿಲ್ಲ. ಅಮ್ಮನಿಗೆ ನಾನೇ ಲೈವ್ ಡಬ್ಬಿಂಗ್ ಮಾಡುತ್ತೇನೆ, ಹಿನ್ನೆಲೆಯಲ್ಲಿ ಕುಕ್ಕರ್ ಸೀಟಿ.

ಇಷ್ಟೆಲ್ಲ ನೋಡಿದ ಮೇಲೆ ಹಾಲಿವುಡ್ಡಿನಲ್ಲಿ ನನಗೆ ಅತ್ಯಂತ ಇಷ್ಟವಾದ ಮಾಂಗಾ ಸಿನಿಮಾ ಯಾವುದು ಎಂದು ಕೇಳಿದರೆ ‘ಅಕಿರಾ’ ಎನ್ನುತ್ತೇನೆ. ಕತ್ಸುಹಿರೊ ಒತೊಮೊ ಅವರ 1988ರ ಅನಿಮೆ ಅಲ್ಲ, ಅಮೆರಿಕದ್ದು. 2002ರಲ್ಲಿ ಹಕ್ಕು ಕೊಂಡರು. ನಿರ್ದೇಶಕರು ಬಂದರು, ಹೋದರು, ಮತ್ತೆ ಬಂದರು. 2021ರ ಮೇ ತಿಂಗಳಿಗೆ ಬಿಡುಗಡೆ ದಿನವೂ ಗೊತ್ತಾಗಿತ್ತು. ಕೊನೆಗೆ ಏನೂ ಆಗಲಿಲ್ಲ. ಒಬ್ಬರೂ ವಿಗ್ ಹಾಕಲಿಲ್ಲ, ಒಬ್ಬರೂ ಕ್ಷಮೆ ಕೇಳಲಿಲ್ಲ.

ಪುಟ್ಟು ಮಾತ್ರ ಮುಂದಿನ ಸಲಕ್ಕೆ ‘ಅಕಿರಾ’ದ ಕನೇದಾ ಆಗುತ್ತಾನಂತೆ. ಕೆಂಪು ಜಾಕೆಟ್, ಸಾಧಾರಣ ಕ್ರಾಪು, ಗಂಜಿಯ ಕೆಲಸವೇ ಇಲ್ಲ. ನಾನು ಖುಷಿಯಾಗಿ ಆರಾಮಾಗಿ ಹೆಲ್ಮೆಟ್ ಹಾಕಬಹುದಲ್ಲೋ ಎಂದೆ.

‘ಕನೇದಾ ಬೈಕಲ್ಲಿ ಹೆಲ್ಮೆಟ್ ಹಾಕಲ್ಲ ಮಾವ’ ಎಂದ.

‘ಅವನ ಊರಿನ ಪೊಲೀಸರಿಗೆ ಬೇರೆ ಕೆಲಸ ಇದೆ ಕಣೋ’ ಎಂದೆ.