ಬಿಸಿಲು ಬಳಸಿದ್ದಕ್ಕೆ 500 ರೂಪಾಯಿ ದಂಡ

ನಮ್ಮ ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಗಾಜಿನ ಫಲಕವೊಂದಿದೆ. ಹಸಿರು ಕಟ್ಟಡ, ಅಂದರೆ ನೀರು, ಕರೆಂಟು ಉಳಿಸುವ ಕಟ್ಟಡ, ಗೋಲ್ಡ್ ರೇಟಿಂಗ್. ಅದರ ಪಕ್ಕದಲ್ಲೇ ಅಸೋಸಿಯೇಷನ್ ನೋಟಿಸು: ‘ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ. ಎಲಿವೇಷನ್ (ಕಟ್ಟಡದ ಹೊರನೋಟ) ಹಾಳಾಗುತ್ತದೆ. ದಂಡ 500 ರೂಪಾಯಿ.’

ತಿಪಟೂರಿಂದ ಬಂದ ಅಪ್ಪ ನೋಟಿಸು ಓದಿರಲಿಲ್ಲ. ಎಪ್ಪತ್ತು ವರ್ಷ ಬಿಸಿಲಲ್ಲೇ ಪಂಚೆ ಒಣಗಿಸಿದವರು, ಇಲ್ಲೂ ಹರವಿದರು. ಹತ್ತು ನಿಮಿಷಕ್ಕೆ ಇಂಟರ್‌ಕಾಮ್ ಬಡಿದುಕೊಂಡಿತು. ‘ಸಾರ್, ನಿಮ್ಮ ಬಾಲ್ಕನೀಲಿ ಏನೋ ಬೆಳ್ಳಗೆ ಕಾಣ್ತಿದೆಯಂತೆ.’

‘ಕರೆಂಟಿಲ್ದೆ ಬಟ್ಟೆ ಒಣಗಿದ್ರೆ ತಪ್ಪೇನಪ್ಪಾ?’ ಅಂದರು ಅಪ್ಪ. ತಪ್ಪೇ. ಮನೆಯೊಳಗೆ 2,000 ವ್ಯಾಟಿನ ಡ್ರೈಯರ್ ಗಿರಗಿರ ತಿರುಗಿದ್ದರೆ ಎಲಿವೇಷನ್‌ಗೆ ಏನೂ ಆಗುತ್ತಿರಲಿಲ್ಲ.

ಈ ಫಲಕ ಬಂದದ್ದಾದರೂ ಹೇಗೆ? ಸೋಲಾರ್, ಮಳೆನೀರು ಗುಂಡಿ, ಎರಡು ಥರದ ಪೈಪು, ಎಲ್ಲಕ್ಕೂ ಅಂಕ. ಕಟ್ಟಿ ಮುಗಿಯುವ ಮೊದಲೇ ನಕ್ಷೆ ನೋಡಿ ಪ್ರಿ-ಸರ್ಟಿಫಿಕೇಷನ್ ಕೊಡುವ ಪದ್ಧತಿಯೂ ಇದೆ. ಆಗ ಒಳಗೆ ನರಪಿಳ್ಳೆಯೂ ಇರುವುದಿಲ್ಲ. ಕಟ್ಟಡ ಅಪ್ಪಟ ಹಸಿರು. ಆಮೇಲೆ ನಾವು ಬಂದು ನಲ್ಲಿ ತಿರುಗಿಸುತ್ತೇವೆ. ಜನ ವಾಸ ಶುರು ಮಾಡಿದ ಮೇಲೂ ಅಳೆಯುವ ರೇಟಿಂಗ್‌ಗಳಿವೆ. ಆ ಮಾತೆತ್ತಿದ ದಿನ ಮೀಟಿಂಗಿಗೆ ಕೋರಂ ಇರುವುದಿಲ್ಲ.

ಎರಡನೇ ಪೈಪಿನ ಕತೆ ಕೇಳಿ. ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ, ಶುದ್ಧವಾದ ನೀರು ಫ್ಲಶ್‌ಗೆ ಹೋಗಬೇಕು. ನೀರು ಸ್ವಲ್ಪ ಹಳದಿ. ‘ಒಂದೂವರೆ ಕೋಟಿ ಕೊಟ್ಟು ಪಕ್ಕದ ಮನೆಯವರ ನೀರಲ್ಲಿ ಫ್ಲಶ್ ಮಾಡ್ಬೇಕಾ?’ ಎಂದು ಮೂರನೇ ಮಹಡಿ ಗುಡುಗಿತು. ಎರಡೂ ಪೈಪಿಗೆ ಈಗ ಟ್ಯಾಂಕರ್ ನೀರೇ. ಪೈಪು ಎರಡಿವೆಯಲ್ಲ, ಅಂಕ ಎಲ್ಲೂ ಹೋಗಿಲ್ಲ!

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತಲ್ಲ? ಅವತ್ತು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನೀರು ಉಳಿಸುವ ಚರ್ಚೆ ಆಗಲಿಲ್ಲ. ‘ಟ್ಯಾಂಕರ್ ನೀರು ಕುಡಿಯೋ ನೀರಾ, ಅಲ್ವಾ?’ ಅಂತ 140 ಮೆಸೇಜು ಬಂದವು.

ಆಫೀಸೂ ಹಸಿರೇ. ಸುತ್ತ ಗಾಜು, ಆದರೆ ಒಂದೂ ತೆಗೆಯಲು ಬರುವುದಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಅಂತ ಬ್ಲೈಂಡ್ಸ್ ಇಳಿಸಿ, ಕತ್ತಲಾಯ್ತು ಅಂತ ಹಗಲಲ್ಲೇ ಲೈಟು ಹಾಕುತ್ತೇವೆ. ಮನೆಗೆ ತರುವ ಹೊಸ ಎಸಿಗಳು 2020ರಿಂದ 24 ಡಿಗ್ರಿಗೆ ಸೆಟ್ ಆಗಿಯೇ ಬರುತ್ತವೆ. ನಮ್ಮ ಫ್ಲೋರ್‌ನಲ್ಲಿ ಮಾತ್ರ 18. ಏಪ್ರಿಲ್‌ನಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತೇವೆ. ಥರ್ಮೋಸ್ಟಾಟ್‌ಗೆ ಬೀಗ, ಬೀಗದ ಕೈ ಇನ್ನೊಂದು ಟವರ್‌ನಲ್ಲಿ. ಬೀಗದ ಮೇಲೊಂದು ಸ್ಟಿಕ್ಕರ್: ‘ಇಂಧನ ಉಳಿತಾಯ ನಿಮ್ಮ ಕೈಯಲ್ಲಿದೆ.’

ದಂಡ ಕಟ್ಟಿದೆ. ರಸೀದಿಯಲ್ಲಿ ‘ಎಲಿವೇಷನ್ ವಯೊಲೇಷನ್’ ಅಂತಿತ್ತು. ಟೆರೇಸಿಗಾದರೂ ಹೋಗೋಣವೆಂದರೆ ಅಲ್ಲಿ ಸೋಲಾರ್ ಪ್ಯಾನೆಲ್, ಬಾಗಿಲಿಗೆ ಬೀಗ. ಒದ್ದೆ ಪಂಚೆ ಹಿಡಿದು ನಿಂತಿದ್ದ ಅಪ್ಪನನ್ನು ನೋಡಿ ಸೆಕ್ಯೂರಿಟಿ ಹುಡುಗ ಮೆಲ್ಲಗೆ ಅಂದ, ‘ಯಜಮಾನ್ರೇ, ನಮ್ ಶೆಡ್ ಹಿಂದೆ ಹಗ್ಗ ಕಟ್ಟಿದೀವಿ, ಕೊಡಿ ಇಲ್ಲಿ.’

ತಗಡಿನ ಶೆಡ್ಡು. ಬ್ರೋಷರ್‌ನಲ್ಲಿ ಅದರ ಚಿತ್ರವಿಲ್ಲ. ಮುಕ್ಕಾಲು ಗಂಟೆಯಲ್ಲಿ ಪಂಚೆ ಗರಿಗರಿಯಾಗಿ ವಾಪಸು ಬಂತು.