ಆ ತೊಲೆಗಳು ಹಡಗಿನವಲ್ಲ

ಇಂಗ್ಲೆಂಡಿನ ಹಳೆಯ ಮರದ ಚೌಕಟ್ಟಿನ ತೋಟದಮನೆಗಳ ಫೋಟೊ ಜೊತೆಗೆ ‘ಒಡೆದ ಹಡಗುಗಳ ಮರದಿಂದ ಕಟ್ಟಿದ್ದು’ ಎಂಬ ಸಾಲು ಹರಿದಾಡುತ್ತಿದೆ. ಕೇಳಲು ಚೆನ್ನ. ಆದರೆ ಬಹುಪಾಲು ಮನೆಗಳ ಮಟ್ಟಿಗೆ ಅದು ನಿಜವಲ್ಲ.

ಕೆಂಟ್‌ನ ಬೇಲೀಫ್ ಮನೆಯನ್ನೇ ನೋಡಿ. 15ನೇ ಶತಮಾನದ ಆರಂಭದ್ದು. ಜಲಾಶಯ ಬಂದಾಗ 1960ರ ದಶಕದ ಕೊನೆಯಲ್ಲಿ ಬಿಚ್ಚಿ, ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ಬಯಲು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ಅದು ಸಾಧ್ಯವಾದದ್ದು ಕಟ್ಟಿದ ರೀತಿಯಿಂದಲೇ: ಒಂದು ತೊಲೆಯ ತುದಿಯ ನಾಲಿಗೆ ಇನ್ನೊಂದರ ಕುಳಿಯಲ್ಲಿ ಕೂರುತ್ತದೆ, ಅಡ್ಡಲಾಗಿ ಓಕ್ ಗೂಟ ಬಡಿದಿರುತ್ತಾರೆ. ಯಾವುದು ಎಲ್ಲಿಗೆ ಎಂದು ತಿಳಿಯಲು ಬಡಗಿಗಳು ರೋಮನ್ ಅಂಕಿಯಂಥ ಗುರುತು ಕೆತ್ತುತ್ತಿದ್ದರು.

ಅವರು ಬಳಸುತ್ತಿದ್ದುದು ಸಾಮಾನ್ಯವಾಗಿ ಆಗಷ್ಟೇ ಕಡಿದ ಹಸಿ ಓಕ್. ಉಳಿಗೆ ಸಲೀಸಾಗಿ ಬಗ್ಗುತ್ತದೆ. ಮನೆ ಎದ್ದ ಮೇಲೆ ಒಣಗಿ ಸೊಟ್ಟಗಾಗುತ್ತದೆ. ಕೆಲವೆಡೆ ಡೊಂಕು ಮರವನ್ನು ಬೇಕೆಂದೇ ಆರಿಸಿದ್ದೂ ಉಂಟು. ಆ ಡೊಂಕು ಕಂಡವರಿಗೆ ಹಡಗಿನ ಪಕ್ಕೆಲುಬು ನೆನಪಾಗುತ್ತದೆ, ಅಷ್ಟೇ. ವರ್ಷಗಟ್ಟಲೆ ಒಣಗಿ ಗಟ್ಟಿಯಾದ, ಮೊಳೆ ತುಂಬಿದ ಹಡಗಿನ ಮರವನ್ನು ಕಡಲಿನಿಂದ ಗಾಡಿಯಲ್ಲಿ ಎಳೆದುತಂದು ಕೆತ್ತುವ ದರ್ದು ಹಳ್ಳಿ ಬಡಗಿಗೆ ಏಕೆ?

ಕೆಲವು ತೊಲೆಗಳಲ್ಲಿ ಏನೂ ಕೂರದ ಖಾಲಿ ಕುಳಿಗಳಿರುತ್ತವೆ; ಅವನ್ನೇ ಹಡಗಿನ ಮರದ ಪುರಾವೆ ಎನ್ನುವವರಿದ್ದಾರೆ. ಅಲ್ಲಿ ಹಿಂದೆ ಒಂದು ಗೋಡೆಯೋ ಕಿಟಕಿಯೋ ಇದ್ದಿರಬಹುದು, ಇಲ್ಲವೇ ತೊಲೆ ಬೇರೊಂದು ಹಳೆಯ ಕಟ್ಟಡದಿಂದ ಬಂದಿರಬಹುದು.

ಹಡಗಿನ ಮರದ ಕಟ್ಟಡಗಳು ಇಲ್ಲವೇ ಇಲ್ಲ ಎಂದಲ್ಲ. ಹ್ಯಾಂಪ್‌ಶೈರ್‌ನ ವಿಕಮ್‌ನಲ್ಲಿ 1820ರ ಚೆಸಪೀಕ್ ಗಿರಣಿ ಇದೆ, ಲಂಡನ್ನಿನಲ್ಲಿ 1920ರ ದಶಕದ ಲಿಬರ್ಟಿ ಅಂಗಡಿ ಇದೆ. ಎರಡೂ ತೋಟದಮನೆಗಳಲ್ಲ.