ರಚಿನ್ ನಮ್ಮ ಪೈಕಿ!

2021ರ ನವೆಂಬರ್ 29ರ ಸಂಜೆ ನ್ಯೂಜಿಲೆಂಡಿನ ಕ್ರಿಕೆಟಿಗ ರಚಿನ್ ರವೀಂದ್ರನಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಒಬ್ಬನೇ ಒಬ್ಬ ನೆಂಟನೂ ಇರಲಿಲ್ಲ.

ಕಾನ್ಪುರದಲ್ಲಿ ಅದು ಅವನ ಮೊದಲ ಟೆಸ್ಟ್. ಭಾರತ ಗೆಲ್ಲಲು ಇನ್ನೊಂದೇ ವಿಕೆಟ್ ಬೇಕು, ಬೆಳಕು ಇಳಿಯುತ್ತಿದೆ, ಬ್ಯಾಟಿನ ಸುತ್ತ ಫೀಲ್ಡರುಗಳ ಸಂತೆ. ಅಶ್ವಿನ್, ಜಡೇಜಾ, ಅಕ್ಷರ್ ಪಾಳಿ ಹಾಕಿಕೊಂಡು ಬೌಲ್ ಮಾಡಿದರೂ ಆ 22 ವರ್ಷದ ಹುಡುಗ ಜಗ್ಗಲಿಲ್ಲ. 91 ಎಸೆತ ಆಡಿ 18 ರನ್ ಗಳಿಸಿ ನಿಂತೇಬಿಟ್ಟ. ಇನ್ನೊಂದು ತುದಿಯಲ್ಲಿ ಮುಂಬೈಯಲ್ಲಿ ಹುಟ್ಟಿದ ಎಜಾಜ್ ಪಟೇಲ್. ಕೊನೆಯ ಜೋಡಿ 52 ಎಸೆತ ನುಂಗಿತು, ಪಂದ್ಯ ಡ್ರಾ. ನಮ್ಮ ಬೀದಿಯ ಹೋಟೆಲಿನಲ್ಲಿ ಅವತ್ತು ಬೈಟು ಕಾಫಿ ಜೊತೆ ಕೇಳಿದ ಮಾತು ಇಷ್ಟೇ: “ನಮ್ಮವರೇ ಅಲ್ಲಿ ಹೋಗಿ ಸೇರ್ಕಂಡು ನಮಗೇ ಬತ್ತಿ ಇಡ್ತಾರೆ ನೋಡಿ. ಯಾರಂತೆ ಅವ್ನು?” “ಯಾರೋ ಎನ್ನಾರೈ ಮಾರಾಯ್ರೆ, ಬಿಡಿ.”

ಬಿಟ್ಟರು. ಸುಮಾರು ಎರಡು ವರ್ಷ ಬಿಟ್ಟೇ ಇದ್ದರು.

ನೆಂಟಸ್ತನ ಚಿಗುರಿದ್ದು 2023ರ ಅಕ್ಟೋಬರ್ 5ರಂದು. ವಿಶ್ವಕಪ್ಪಿನ ಮೊದಲ ಪಂದ್ಯ, ಅಹಮದಾಬಾದ್. ವಿಲಿಯಮ್ಸನ್ ಮಂಡಿ ಇನ್ನೂ ಸರಿಹೋಗದೆ ಹೊರಗೆ ಕೂತಿದ್ದರಿಂದ ಮೂರನೇ ಕ್ರಮಾಂಕಕ್ಕೆ ಇವನನ್ನು ಕಳಿಸಿದರು. 96 ಎಸೆತದಲ್ಲಿ ಅಜೇಯ 123. ಕಾನ್ವೇ ಜೊತೆ ಮುರಿಯದ 273 ರನ್. ಇಂಗ್ಲೆಂಡ್ ಕೊಟ್ಟ ಗುರಿ 36.2 ಓವರಿಗೇ ಮುಗಿಯಿತು. ಅದೇ ರಾತ್ರಿ ಮಲಗುವ ಹೊತ್ತಿಗೆ ಮೊದಲ ನೆಂಟರು ವಾಟ್ಸಾಪಿನಲ್ಲಿ ಪ್ರತ್ಯಕ್ಷರಾದರು: “ಇವನ ಅಜ್ಜನ ಮನೆಯೂ ನಮ್ಮ ದೊಡ್ಡಪ್ಪನ ಮನೆಯೂ ಬೆಂಗಳೂರಿನಲ್ಲಿ ಒಂದೇ ಬಡಾವಣೆ.”

ಧರ್ಮಶಾಲಾದಲ್ಲಿ ಆಸ್ಟ್ರೇಲಿಯಾ ಮೇಲೆ 116 ಹೊಡೆದ ದಿನ ಅದು ಒಂದೇ ಬೀದಿ ಆಯಿತು. ಬೆಂಗಳೂರಿನಲ್ಲಿ ಪಾಕಿಸ್ತಾನದ ಮೇಲೆ 108 ಆದಾಗ ಇಬ್ಬರ ಮನೆಗೂ ನಡುವೆ ಒಂದೇ ಕಾಂಪೌಂಡ್ ಗೋಡೆ. ಟೂರ್ನಿ ಮುಗಿದು, ಮೊದಲ ವಿಶ್ವಕಪ್ಪಿನಲ್ಲೇ 578 ರನ್ ಹೊಡೆದವರು ಇವನ ಹಿಂದೆ ಯಾರೂ ಇಲ್ಲ ಎಂದು ಪೇಪರಿನಲ್ಲಿ ಬಂದ ಮೇಲೆ ಆ ಗೋಡೆಯೂ ಬಿದ್ದುಹೋಗಿ ಎರಡೂ ಒಂದೇ ಮನೆಯಾದವು. ಮೂರು ಶತಕದಲ್ಲಿ ಎರಡು ಬಂದದ್ದು ನ್ಯೂಜಿಲೆಂಡ್ ಸೋತ ಪಂದ್ಯದಲ್ಲಿ. ನೆಂಟರಿಗೆ ಅದೇನೂ ಬೇಜಾರಿಲ್ಲ, ಹುಡುಗ ಮಿಂಚಬೇಕು, ಅವನ ತಂಡ ಸೋಲಬೇಕು. ಇದಕ್ಕಿಂತ ಅನುಕೂಲದ ನೆಂಟಸ್ತನ ಎಲ್ಲಿ ಸಿಕ್ಕೀತು?

ಅಷ್ಟರಲ್ಲಿ ಬೆಂಗಳೂರಿನ ಮನೆಯಲ್ಲಿ ಅಜ್ಜಿ ಅವನಿಗೆ ದೃಷ್ಟಿ ತೆಗೆಯುವ ವಿಡಿಯೊ ಊರೂರು ಸುತ್ತಿತು. ಜಿಲ್ಲೆಯ ಎಲ್ಲ ಗ್ರೂಪುಗಳಿಗೂ ಎರಡೆರಡು ಸಲ ಬಂತು. “ದೃಷ್ಟಿ ತೆಗೆಯೋ ಕ್ರಮ ನೋಡಿ, ಥೇಟ್ ನಮ್ಮ ಕಡೇದು” ಎಂದು ತೀರ್ಥಹಳ್ಳಿಯವರೊಬ್ಬರು ಷರಾ ಬರೆದರು. ದೃಷ್ಟಿ ತೆಗೆಯದ ಕಡೆ ಕರ್ನಾಟಕದಲ್ಲಿ ಯಾವುದು ಎಂದು ಯಾರೂ ಕೇಳಲಿಲ್ಲ. (ಮುಂದೆ 2025ರ ಫೆಬ್ರವರಿಯಲ್ಲಿ ಲಾಹೋರಿನಲ್ಲಿ ಕ್ಯಾಚ್ ಹಿಡಿಯಲು ಹೋಗಿ ಚೆಂಡು ಹಣೆಗೆ ಬಡಿದಾಗ, ಅವತ್ತು ಮೆಣಸು ಕಡಿಮೆ ಬಿದ್ದಿತ್ತು ಎಂದು ಇದೇ ಮಹನೀಯರು ತೀರ್ಪು ಕೊಟ್ಟರು.)

ಗೆದ್ದೆತ್ತಿನ ಬಾಲ ಹಿಡಿಯುವವರು ನಾಲ್ಕಕ್ಕಿಂತ ಹೆಚ್ಚಾದರೆ ನಮ್ಮಲ್ಲಿ ಅದಕ್ಕೊಂದು ಸಮಿತಿ ಆಗಬೇಕು. ಆಯಿತು. ಕಾರ್ಯಸೂಚಿ: ಮಲೆನಾಡಿನ ಕುಡಿಗೆ ಪೌರಸನ್ಮಾನ. ಹುಟ್ಟಿದ್ದು 1999ರ ನವೆಂಬರ್ 18ರಂದು, ವೆಲಿಂಗ್ಟನ್ನಿನಲ್ಲಿ. ಅಪ್ಪ ಅಮ್ಮ ಬೆಂಗಳೂರಿನವರು. ಇದರಲ್ಲಿ ಮಲೆನಾಡು ಎಲ್ಲಿ ಬಂತು ಎಂದು ಕೇಳಿದ ಒಬ್ಬ ಸದಸ್ಯರನ್ನು ಊಟದ ಉಸ್ತುವಾರಿಗೆ ಹಾಕಿ, ಉಳಿದವರು ಪುರಾವೆ ಕಲೆಹಾಕಲು ಕೂತರು.

ಮೊದಲ ಪುರಾವೆ, ತಾತ. ಬೆಂಗಳೂರಿನಲ್ಲಿ ಕಾಲೇಜು ಮೇಷ್ಟ್ರಾಗಿದ್ದವರು, ಅಡಿಗರು. “ಅಡಿಗರು ಅಂದ್ಮೇಲೆ ಘಟ್ಟದ ಮೇಲಿನವರೋ ಕೆಳಗಿನವರೋ ಆಗಿರ್ಲೇಬೇಕು” ಎಂದರು ಅಧ್ಯಕ್ಷರು. ಘಟ್ಟದ ಮೇಲೆ ಮತ್ತು ಕೆಳಗೆ ಸೇರಿಸಿದರೆ ಇಡೀ ರಾಜ್ಯವೇ ಆಗುತ್ತದೆ ಎಂಬುದು ನಡಾವಳಿಯಲ್ಲಿ ದಾಖಲಾಗಲಿಲ್ಲ. ಹೆಸರಿನ ವಿಚಾರವೂ ಬಂತು. ರಾಹುಲ್ ದ್ರಾವಿಡ್, ಸಚಿನ್ ಇಬ್ಬರನ್ನೂ ಕೂಡಿಸಿ ಇಟ್ಟದ್ದು ಎಂದು ಒಬ್ಬರು. ಹಾಗೆ ಲೆಕ್ಕ ಹಾಕಿ ಇಟ್ಟದ್ದಲ್ಲ ಎಂದು ಅಪ್ಪನೇ ಹೇಳಿದ್ದಾರಲ್ಲ ಎಂದು ಇನ್ನೊಬ್ಬರು. “ಅಪ್ಪನಿಗೆ ಎಂತ ಗೊತ್ತಿರ್ತದೆ” ಎಂದು ಅಧ್ಯಕ್ಷರು ಚರ್ಚೆಗೆ ತೆರೆ ಎಳೆದರು.

ಎರಡನೇ ಪುರಾವೆ ತಂದವರು ನಿವೃತ್ತ ಇತಿಹಾಸ ಮೇಷ್ಟ್ರು. 1949ರಲ್ಲಿ ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಮೊದಲ ಟೆಸ್ಟ್ ಆಡಿದ್ದೆಲ್ಲಿ? ಕಾನ್ಪುರ. ಯಾವ ತಿಂಗಳು? 1969ರ ನವೆಂಬರ್. ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ರಚಿನ್ ಮೊದಲ ಟೆಸ್ಟ್ ಆಡಿದ್ದು? ಕಾನ್ಪುರ. ತಿಂಗಳು? ನವೆಂಬರ್! ಸಭೆಗೆ ರೋಮಾಂಚನವಾಯಿತು. ಆ ಲೆಕ್ಕದಲ್ಲಿ ಆ ಮೈದಾನದ ನೀರಿನ ಟ್ಯಾಂಕೂ ಭದ್ರಾವತಿಯದೇ ಆಗಬೇಕಲ್ಲ ಎನ್ನಿಸಿತು ನನಗೆ, ಆದರೆ ಅಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು.

ಮೂರನೆಯದಂತೂ ಬ್ರಹ್ಮಾಸ್ತ್ರ. ರಚಿನ್‌ನ ಅಪ್ಪ ರವಿ ಕೃಷ್ಣಮೂರ್ತಿ ಸಾಫ್ಟ್‌ವೇರ್ ಕೆಲಸದವರು. ಕ್ರಿಕೆಟ್ಟಿನ ಹುಚ್ಚಿಗೆ ನ್ಯೂಜಿಲೆಂಡಿನಲ್ಲೇ ಹಟ್ ಹಾಕ್ಸ್ ಎಂಬ ಕ್ಲಬ್ ಕಟ್ಟಿದರು. ಅಲ್ಲಿ ಚಳಿಗಾಲ ಬಂದು ಮೈದಾನ ಒದ್ದೆಯಾಗಿ ಕೂತಾಗ ಹುಡುಗರನ್ನು ಕಟ್ಟಿಕೊಂಡು ಭಾರತಕ್ಕೆ ಬರುತ್ತಿದ್ದರು. ಆಂಧ್ರದ ಅನಂತಪುರದಲ್ಲಿ ಆರ್‌ಡಿಟಿ ಸಂಸ್ಥೆಯ ಮೈದಾನ, ಸುಡುವ ಬಿಸಿಲು, ತಿರುಗುವ ಪಿಚ್, ದಿನಾ ಪಂದ್ಯ. ರಚಿನ್ ಸ್ಪಿನ್ ಆಡಲು ಕಲಿತ ಬಗೆ ಇದು. ವರ್ಷ ವರ್ಷ ಬಂದು ಕಲಿತದ್ದು. ಕಾರ್ಯದರ್ಶಿಗಳು ಇದನ್ನು ಎಲ್ಲೋ ಓದಿ, “ಅವನು ಪ್ರಾಕ್ಟೀಸ್ ಮಾಡಿದ್ದೇ ನಮ್ಮ ಆನಂದಪುರದಲ್ಲಿ!” ಎಂದು ಘೋಷಿಸಿಬಿಟ್ಟರು. ಸಾಗರದ ರಸ್ತೆಯ ನಮ್ಮ ಆನಂದಪುರ! ರೈಲ್ವೆ ಸ್ಟೇಷನ್ ಕೂಡ ಇದೆ, ಹಾಗಾಗಿ ಕಿಟ್ ಬ್ಯಾಗ್ ಹೊತ್ತು ಇಳಿದಿರಲೂ ಸಾಕು. ಒಂದೇ ವಾರದಲ್ಲಿ ಆನಂದಪುರದಲ್ಲಿ ಅವನಿಗೆ ಬೌಲ್ ಮಾಡಿದವರು, ಮಜ್ಜಿಗೆ ಕೊಟ್ಟವರು, ಅವನು ಹೊಡೆದ ಸಿಕ್ಸರಿಗೆ ಹೆಂಚು ಕಳೆದುಕೊಂಡವರು ಎಲ್ಲರೂ ಸಿಕ್ಕಿದರು.

ನೆಂಟಸ್ತನದ ಧಾರಣೆ ಅಡಿಕೆ ಧಾರಣೆ ಇದ್ದ ಹಾಗೆ, ಬೆಳಿಗ್ಗೆ ಇದ್ದದ್ದು ಸಂಜೆಗಿಲ್ಲ. 2023ರ ಡಿಸೆಂಬರ್ ಹರಾಜಿನಲ್ಲಿ ಇವನನ್ನು ₹1.80 ಕೋಟಿಗೆ ಕೊಂಡವರು ಚೆನ್ನೈನವರು. ಹಳದಿ ಅಂಗಿ! 2024ರ ಮಾರ್ಚ್ 22ರಂದು ಐಪಿಎಲ್ಲಿನ ಮೊದಲ ಪಂದ್ಯದಲ್ಲೇ ಆರ್‌ಸಿಬಿ ಮೇಲೆ 15 ಎಸೆತದಲ್ಲಿ 37 ಬಾರಿಸಿದ. ಸಮಿತಿಯ ಗ್ರೂಪಿನಲ್ಲಿ ಅವತ್ತು ಶುಭರಾತ್ರಿ ಕೂಡ ಯಾರೂ ಹಾಕಲಿಲ್ಲ. ಸನ್ಮಾನ ಅನಿವಾರ್ಯ ಕಾರಣಗಳಿಂದ ಮುಂದಕ್ಕೆ ಹೋಯಿತು. ಮೇ 18ರಂದು ಚಿನ್ನಸ್ವಾಮಿಯಲ್ಲಿ 61 ಹೊಡೆದು ರನ್‌ಔಟ್ ಆದ, ಆರ್‌ಸಿಬಿ 27 ರನ್ನಿನಿಂದ ಗೆದ್ದು ಪ್ಲೇಆಫ್‌ಗೆ ಹೋಯಿತು. “ರನ್‌ಔಟ್ ಎಂತಕ್ಕೆ ಆದ ಹೇಳಿ? ರಕ್ತ ಎಳೀತದೆ ಮಾರಾಯ್ರೆ!” ಸನ್ಮಾನ ಮತ್ತೆ ಕಾರ್ಯಸೂಚಿಗೆ ಬಂತು.

ನಿಜವಾದ ಬಿಕ್ಕಟ್ಟು ಬಂದದ್ದು ಆ ಅಕ್ಟೋಬರಿನಲ್ಲಿ, ಬೆಂಗಳೂರು ಟೆಸ್ಟಿಗೆ. ಭಾರತ 46ಕ್ಕೆ ಆಲ್‌ಔಟ್. ಅಮ್ಮನ ಊರು, ಅಪ್ಪನ ಊರು, ಅಜ್ಜನ ಊರು ಎಲ್ಲವೂ ಆಗಿದ್ದ ಊರಿನಲ್ಲಿ ಇವನು 134 ಹೊಡೆದ, ಸೌಥಿಯನ್ನು ಜೊತೆಗಿಟ್ಟುಕೊಂಡು ಎಂಟನೇ ವಿಕೆಟ್ಟಿಗೆ 137 ಸೇರಿಸಿದ. 1988ರ ನಂತರ ನ್ಯೂಜಿಲೆಂಡ್ ಭಾರತದಲ್ಲಿ ಟೆಸ್ಟ್ ಗೆದ್ದದ್ದು ಅದೇ ಮೊದಲು, ಪಂದ್ಯಪುರುಷ ಇವನೇ. ಸಮಿತಿ ಎರಡು ಹೋಳಾಯಿತು. ಇಂಥವನಿಗೆ ಶಾಲು ಹೊದಿಸಿದರೆ ಮುಂದಿನ ಚುನಾವಣೆಯಲ್ಲಿ ಜನ ನಮಗೇ ಹೊದಿಸುತ್ತಾರೆ ಎಂದು ಒಂದು ಬಣ. 46ಕ್ಕೆ ಔಟಾದವರನ್ನು ಮೊದಲು ನಮ್ಮವರಲ್ಲ ಅನ್ನಿ ಎಂದು ಇನ್ನೊಂದು ಬಣ. ರಾತ್ರಿ ಹನ್ನೊಂದರವರೆಗೆ ಜಗಳವಾಡಿ ಕೊನೆಗೆ ಒಂದು ನಿರ್ಣಯ ಪಾಸಾಯಿತು: ಸದರಿ ಆಟಗಾರನು ಪಾಕಿಸ್ತಾನ, ಆಸ್ಟ್ರೇಲಿಯಾ, ಇಂಗ್ಲೆಂಡ್ ವಿರುದ್ಧ ಆಡುವಾಗ ಮಲೆನಾಡಿನವನು, ಭಾರತದ ವಿರುದ್ಧ ಆಡುವಾಗ ನ್ಯೂಜಿಲೆಂಡಿನವನು, ಐಪಿಎಲ್ ಅವಧಿಯಲ್ಲಿ ಸಂಬಂಧ ಅಮಾನತಿನಲ್ಲಿರತಕ್ಕದ್ದು.

2025ರ ಮಾರ್ಚ್ 9ರಂದು ದುಬೈ ಎಲ್ಲರ ಮರ್ಯಾದೆ ಉಳಿಸಿತು. ಚಾಂಪಿಯನ್ಸ್ ಟ್ರೋಫಿ ಫೈನಲ್, ಭಾರತಕ್ಕೆ ಕಪ್ಪು, 263 ರನ್ ಹೊಡೆದ ರಚಿನ್‌ಗೆ ಸರಣಿಶ್ರೇಷ್ಠ. ಕಪ್ಪೂ ನಮ್ಮದು, ಹುಡುಗನೂ ನಮ್ಮವನು. ಫ್ಲೆಕ್ಸಿಗೆ ಆರ್ಡರ್ ಹೋಯಿತು.

ಫ್ಲೆಕ್ಸನ್ನು ರಾಜ್ಯದಲ್ಲಿ ನಿಷೇಧಿಸಿದ್ದು 2016ರಲ್ಲಿ ಎಂದು ನೆನಪಿಸಿದವರಿಗೆ, ಇದು ಫ್ಲೆಕ್ಸ್ ಅಲ್ಲ, ಅಭಿಮಾನ ಎಂಬ ಉತ್ತರ ಸಿಕ್ಕಿತು. ಇಪ್ಪತ್ತು ಅಡಿಯ ಆ ಅಭಿಮಾನವನ್ನು ನಾನು ಹತ್ತಿರ ಹೋಗಿ ನೋಡಿದೆ. ಮೇಲೆ ಸಾಲಾಗಿ ದೆಹಲಿ, ಬೆಂಗಳೂರಿನ ನಾಯಕರು. ನಡುವೆ ಅಧ್ಯಕ್ಷರು ಆಳೆತ್ತರ, ಕೈಮುಗಿದುಕೊಂಡು. ಅವರ ಕಾಲ ಬುಡದಲ್ಲಿ ಸ್ಟಾಂಪಿನಷ್ಟು ಜಾಗದಲ್ಲಿ ಯುವ ಮುಖಂಡರು, ಅರ್ಧದಷ್ಟು ಜನ ಕಪ್ಪು ಕನ್ನಡಕದಲ್ಲಿ. ರಚಿನ್ ಬಲಮೂಲೆಯಲ್ಲಿ, ಪ್ರಿಂಟಿಂಗಿನವರ ಫೋನ್ ನಂಬರಿನ ಪಕ್ಕ. ಅವನ ಅಂಗಿಯ ಮೇಲಿನ ಅಕ್ಷರವೆಲ್ಲ ಉಲ್ಟಾ. ವಿಚಾರಿಸಿದರೆ, ಇದ್ದ ಫೋಟೊದಲ್ಲಿ ಅವನು ಅಧ್ಯಕ್ಷರ ಕಡೆ ಬೆನ್ನು ಹಾಕಿದ್ದನಂತೆ. ಅದು ಅಪಚಾರವಾಗುತ್ತದೆಂದು ಡಿಸೈನ್ ಮಾಡುವ ಹುಡುಗ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ಟಿದ್ದ. ಎಡಗೈ ಬ್ಯಾಟರ್ ಬಲಗೈಯವನಾಗಿ ಅಧ್ಯಕ್ಷರನ್ನೇ ಭಕ್ತಿಯಿಂದ ನೋಡುತ್ತಿದ್ದ.

“ಇವ್ನು ಲೆಫ್ಟ್ ಹ್ಯಾಂಡ್ ಅಲ್ವಾ?” ಎಂದೆ.

“ಆಲ್‌ರೌಂಡರ್ ಅಲ್ವಾ ಸಾರ್, ಯಾವ ಕೈಯಲ್ಲಾದ್ರೂ ಆಡ್ತಾನೆ.”

ಜಾಗದ ಪ್ರಶ್ನೆ ಬಂತು. ಶಿವಮೊಗ್ಗದ ನವುಲೆಯಲ್ಲಿ ರಣಜಿ ಪಂದ್ಯ ನಡೆಯುವ, ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮೈದಾನ ಇದೆ. ಪಿಚ್ಚಿಗೆ ಗೂಟ ಹೊಡೆಯಲು ಬಿಡುವುದಿಲ್ಲ ಎಂಬ ಏಕೈಕ ಕೊರತೆಯಿಂದ ಅದು ಸಮಿತಿಗೆ ಒಗ್ಗಲಿಲ್ಲ. ಬಡಾವಣೆಯ ಮಕ್ಕಳು ಆಡುವ ಬಯಲೇ ಸರಿ ಎಂದಾಯಿತು. ಆ ಬಯಲಿಗೆ ಇದೇನೂ ಹೊಸದಲ್ಲ. ಗಣಪತಿ ಪೆಂಡಾಲು, ವಸ್ತುಪ್ರದರ್ಶನ, ಸರ್ಕಸ್ಸು, ಯಾರದೋ ಮಗಳ ಆರತಕ್ಷತೆ ಎಲ್ಲ ಮುಗಿದು ವರ್ಷದಲ್ಲಿ ಉಳಿದ ದಿನಗಳು ಮಳೆಗೆ ಮೀಸಲು. ಈ ಸಲ ಶಾಮಿಯಾನದವರು ನಡುಗಂಬದ ಗುಂಡಿ ತೋಡಿದ್ದು ಪಿಚ್ಚಿನ ಮೇಲೆ, ಸರಿಯಾಗಿ ಗುಡ್ ಲೆಂಗ್ತಿನಲ್ಲಿ.

ಹಳ್ಳಿ ಕಡೆಯ ಹುಡುಗರಾದರೆ ಮೊದಲೆಲ್ಲ ಕೊಯ್ಲು ಮುಗಿದ ಗದ್ದೆಗೆ ಇಳಿಯುತ್ತಿದ್ದರು. ಚೆಂಡು ಕೂಳೆಗೆ ತಾಗಿದರೆ ಅನಂತಪುರದ ಪಿಚ್ಚೂ ನಾಚಬೇಕು, ಹಾಗೆ ತಿರುಗುತ್ತಿತ್ತು. ಈಗ ಆ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಒಂಬತ್ತಡಿಗೊಂದು ಸಸಿ, ಸ್ಟ್ರೇಟ್ ಡ್ರೈವ್ ಬಿಟ್ಟು ಬೇರೆ ಹೊಡೆತಕ್ಕೆ ದಾರಿಯಿಲ್ಲ. ಸಸಿಗೆ ಚೆಂಡು ತಾಗಿದರೆ ಔಟ್, ಜೊತೆಗೆ ಬೈಗುಳ. ಹೊನಲು ಬೆಳಕಿನ ಟೆನಿಸ್ ಬಾಲ್ ಪಂದ್ಯಾವಳಿ ಇದೆಯಲ್ಲ ಎನ್ನಬಹುದು. ಇದೆ. ಅಲ್ಲಿ ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಇಬ್ಬನಿ ಬಿದ್ದು, ಚೆಂಡು ಸೋಪಿನಂತಾಗಿ, ಸ್ಪಿನ್ನರು ಕೈ ಒರೆಸಿಕೊಳ್ಳುವುದರಲ್ಲೇ ಓವರ್ ಮುಗಿಯುತ್ತದೆ.

ಕಂಬದ ಗುಂಡಿಯ ಹತ್ತಿರ ಒಬ್ಬ ಹುಡುಗ ಬಂದು ನಿಂತ. ಎಡಗೈಯಲ್ಲಿ ಚೆಂಡು ತಿರುಗಿಸುತ್ತಿದ್ದ, ಕಂಕುಳಲ್ಲಿ ಬ್ಯಾಟು.

“ಅಂಕಲ್, ಗುಂಡಿ ಯಾವಾಗ ಮುಚ್ತೀರಿ? ಭಾನುವಾರ ನಮ್ಮ ಮ್ಯಾಚಿದೆ.”

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. “ನೀನು ಯಾರ ಪೈಕಿ ಮಗಾ?”

“ನಿಮ್ಮ ಹಿಂದಿನ ಮನೆ ಅಂಕಲ್. ಹೋದ ತಿಂಗಳು ನಮ್ಮ ಬಾಲ್ ಇಸ್ಕಂಡ್ರಲ್ಲ, ಇನ್ನೂ ಕೊಟ್ಟಿಲ್ಲ.”

“ನೋಡುವಾ” ಎಂದು ಅಧ್ಯಕ್ಷರು ಆಹ್ವಾನ ಪತ್ರಿಕೆಯ ಪ್ರೂಫ್ ನೋಡಲು ಹೋದರು.

ವೆಲಿಂಗ್ಟನ್ನಿಗೆ ರಿಜಿಸ್ಟರ್ ಅಂಚೆಯಲ್ಲಿ ಹೋದ ಪತ್ರಕ್ಕೆ ಉತ್ತರ ಬರಲಿಲ್ಲ. ವಿಳಾಸದಲ್ಲಿ ರಚಿನ್ ರವೀಂದ್ರ, ಕ್ರಿಕೆಟಿಗರು, ನ್ಯೂಜಿಲೆಂಡ್ ಎಂದಷ್ಟೇ ಇತ್ತು. ಹಾಗಾಗಿ ಗೈರುಹಾಜರಿಯಲ್ಲೇ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಅಡಿಕೆ ಹಾಳೆಯ ಟೋಪಿ ಎಲ್ಲ ತಯಾರು. ಅವನ ಪರವಾಗಿ ಕುರ್ಚಿಯಲ್ಲಿ ಕೂರುವವರು ಯಾರು? ಕಾಂಪೌಂಡ್ ಗೋಡೆಯವರು ರೇಷ್ಮೆ ಪಂಚೆಯುಟ್ಟು ಬಂದಿದ್ದರು. ಆನಂದಪುರದವರು ಒಡೆದ ಹೆಂಚನ್ನೇ ಸಾಕ್ಷಿಗೆ ತಂದಿದ್ದರು. ಇಬ್ಬರೂ ಬಿಡಲೊಲ್ಲರು. ಕೊನೆಗೆ ವೇದಿಕೆಯ ಮೇಲೇ ಟಾಸ್ ಹಾರಿಸಿದರು. ಹೆಂಚಿನವರು ಗೆದ್ದರು, ಗೆದ್ದವರು ಗಡಿಬಿಡಿಯಲ್ಲಿ ಬ್ಯಾಟಿಂಗ್ ಎಂದರು. ಗೋಡೆಯವರು ಮೂರನೇ ಅಂಪೈರ್ ಬೇಕೆಂದು ಪಟ್ಟು ಹಿಡಿದರು. ಊಟದ ಉಸ್ತುವಾರಿಯ ಸದಸ್ಯರು ಅದೇ ಸಮಯ ನೋಡಿ ಮೈಕ್ ಹಿಡಿದು, ಮೊದಲ ಪಂಕ್ತಿ ಪೆವಿಲಿಯನ್ ತುದಿಯಿಂದ ಶುರುವಾಗಿದೆ ಎಂದರು. ಎರಡು ನಿಮಿಷದಲ್ಲಿ ಶಾಮಿಯಾನ ಖಾಲಿ.